ಅಡುಗೆಯವಳ ಖಾಲಿ ಹೊಟ್ಟೆ

ಹಾಸ್ಟೆಲಿನ ಅಡುಗೆಮನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು; ಬೆನ್ನ ಹಿಂದೆ ಮಾತ್ರ ಸೌಟಮ್ಮ. ನೂರಾರು ಹುಡುಗಿಯರಿಗೆ ಬೇಯಿಸಿ ಹಾಕುವ ಆ ಹೆಂಗಸು ರಜೆ ಹಾಕಿದ್ದನ್ನು ಕಂಡವರಿಲ್ಲ. ತಾನಿಲ್ಲದಿದ್ದರೆ ಒಲೆಯೇ ಹತ್ತುವುದಿಲ್ಲ ಎಂಬ ಜಂಬ ಬೇರೆ.

ಕರುಳಿನ ಕ್ಯಾನ್ಸರಿನಿಂದ ಅವಳ ತಮ್ಮ ತೀರಿಕೊಂಡಾಗ, ಒಡಹುಟ್ಟಿದವಳೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲ್ಲು ತಿಂದು ಅರಗಿಸಿಕೊಳ್ಳುವ ಹೊಟ್ಟೆ ತನ್ನದು ಎಂದು ನಗಾಡಿ ಮಾತು ಹಾರಿಸಿದಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ತಮ್ಮ ಒಣಗಿ ಕಡ್ಡಿಯಾದದ್ದನ್ನು ಕಣ್ಣಾರೆ ಕಂಡವಳು. ಹೀಗೇ ವರ್ಷ ಉರುಳಿತು. ಆಮೇಲೆ ತಮ್ಮನ ಹೆಂಡತಿ ಬೇಡಿದಳು, ಜಗಳವಾಡಿದಳು, ಕೊನೆಗೆ ಮಾತು ಬಿಟ್ಟಳು. ಆ ಮೌನ ತಡೆಯಲಾರದೆ ಸೌಟಮ್ಮ ಒಪ್ಪಿದಳು.

ಪರೀಕ್ಷೆಯ ಹಿಂದಿನ ದಿನ ಏನೂ ತಿನ್ನಬಾರದು, ಸಂಜೆ ಹೊಟ್ಟೆ ತೊಳೆಯುವ ಔಷಧಿ ಕುಡಿಯಬೇಕು ಎಂದಿದ್ದರು. ಆ ದಿನವೂ ಹಟ ಹಿಡಿದು ಕೆಲಸಕ್ಕೆ ಹೋದಳು. ಔಷಧಿಯನ್ನೇನೋ ತೊಟ್ಟೂ ಬಿಡದೆ ಕುಡಿದಳು. ಆದರೆ ಮರುದಿನ ಕರುಳಿನೊಳಗೆ ಕ್ಯಾಮೆರಾ ಬಿಟ್ಟ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಕಾಳು, ಸಿಪ್ಪೆಯ ಚೂರುಗಳು ಅಡ್ಡ ಬಂದು ಮುಂದಿನದು ಕಾಣುತ್ತಿರಲಿಲ್ಲ. ದೇವರಾಣೆ ಏನೂ ತಿಂದಿಲ್ಲ ಎಂದಳು. ಸುಳ್ಳಲ್ಲ, ಅವಳ ಪ್ರಕಾರ ಉಪ್ಪು ನೋಡುವುದು ತಿನ್ನುವುದೇ ಅಲ್ಲ. ದಿನವಿಡೀ ಪಾತ್ರೆಯಿಂದ ಪಾತ್ರೆಗೆ, ಬೆಂದಿದೆಯೇ, ಹದವಾಗಿದೆಯೇ ಎಂದು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟದ್ದು ತಮ್ಮನ ಹೆಂಡತಿ ಕೆದಕಿ ಕೇಳಿದ ಮೇಲೆಯೇ ನೆನಪಾಯಿತು. ಬೇರೆ ದಿನವಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ಎರಡನೆಯ ಸಲ ತಮ್ಮನ ಹೆಂಡತಿ ಅವಳನ್ನು ತನ್ನ ಮನೆಯಲ್ಲೇ ಕೂಡಿಹಾಕಿಕೊಂಡಳು. ಈ ಬಾರಿ ಎಲ್ಲ ಕಂಡಿತು. ಮೊದಲು ಮರೆಯಾಗಿದ್ದ ಜಾಗದಲ್ಲೇ ಗಡ್ಡೆಯಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಲವು ದಿನಗಳಲ್ಲಿ ಕರೆಸಿ, ಕ್ಯಾನ್ಸರೇ ಎಂದರು.

"ತಮ್ಮ ಹೋದಾಗ್ಲೇ ಬಂದಿದ್ರೆ?" ಎಂದು ಕೇಳಿದಳು.

ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಆಗ ಚಿಕ್ಕದಿರ್ತಿತ್ತೇನೋ, ಅಲ್ಲೇ ತೆಗೆದುಬಿಡಬಹುದಿತ್ತು. ಈಗ ಆಪರೇಷನ್ ಆಗ್ಬೇಕು. ಎಷ್ಟು ಹರಡಿದೆ ಅಂತ ಇನ್ನೂ ನೋಡ್ಬೇಕು."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಸೌಟಮ್ಮನಿಗೆ ದುಃಖ ಉಕ್ಕಿ ಬಂತು. "ಸಾಯೋ ಮುಂಚೆ ಅವನು, ನನ್ನ ಹೆಂಡ್ತಿನ ನೋಡ್ಕೋ ಅಂದಿದ್ದ ಕಣೇ. ನಾನೇ ಹಿಂಗಾದೆ."

ತಮ್ಮನ ಹೆಂಡತಿ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ನನಗೂ ಒಂದು ಮಾತು ಹೇಳಿದ್ರು, ಅಕ್ಕ. ಮೊದಲು ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಾ ಅಂತ. ಅವರು ಹೋದ ದುಃಖದಲ್ಲಿ ಒಂದು ವರ್ಷ ನಾನೇ ತಡ ಮಾಡಿದೆ."