ಎಡಬದಿಯ ಅಕ್ಷರ

ಸಂಜೆ ಖರಾಡಿಯ ಆಫೀಸಿನಿಂದ ಸುಸ್ತಾಗಿ ಹೊರಬಂದೆ. ಎದುರಿಗೆ ನಿಂತ ಕೊರಿಯರ್ ವ್ಯಾನಿನ ಮೇಲೆ ದಪ್ಪನೆಯ, ಬಲಕ್ಕೆ ವಾಲಿದ ಇಂಗ್ಲಿಷ್ ಅಕ್ಷರಗಳು. ಅಪ್ಪನ ಬೆರಳಿನ ಟರ್ಪೆಂಟೈನ್ ವಾಸನೆ ಮೂಗಿಗೆ ಬಂದಂತಾಯಿತು.

ಅಪ್ಪ ಲಾರಿಗಳ ಮೇಲೆ ಹೆಸರು ಬರೆಯುತ್ತಿದ್ದ. ಮಾಲೀಕರಿಗೆಲ್ಲ ಇಂಥ ಅಕ್ಷರವೇ ಬೇಕು, ಬಾಲ ಕೊಕ್ಕೆ ಇಲ್ಲದ, ಓಡುತ್ತಿರುವಂತೆ ವಾಲಿದ ಅಕ್ಷರ. ಡ್ರೈವರ್ ಬದಿಯಲ್ಲಿ ಅವು ಲಾರಿಯ ಮೂತಿಯತ್ತಲೇ ವಾಲುತ್ತಿದ್ದವು. ಎಡಬದಿಯಿಂದ ನೋಡಿದರೆ ಮೂತಿ ಎಡಕ್ಕಿರುತ್ತದೆ, ಅಲ್ಲೂ ಬಲಕ್ಕೇ ವಾಲಿಸಿದರೆ ಹಿಂದಕ್ಕೆ ವಾಲುತ್ತವೆಂದು ಅಪ್ಪ ಅಲ್ಲಿ ಎಡಕ್ಕೆ ವಾಲಿಸುತ್ತಿದ್ದ. ಕತ್ತು ಎಡಕ್ಕೆ ಓರೆ ಮಾಡಿ ಬರೆದೂ ಬರೆದೂ, ಊಟಕ್ಕೆ ಕೂತಾಗಲೂ ಅದು ನೆಟ್ಟಗಾಗುತ್ತಿರಲಿಲ್ಲ.

"ಯಾರ ನೋಡ್ತಾರ್ರಿ ಅದನ್ನ?" ಎಂದು ಅವ್ವ ಭಕ್ರಿ ಬಡಿಸುತ್ತ ಕೇಳುತ್ತಿದ್ದಳು.

"ಲಾರಿ ಮುಂದ ಹೊಂಟಾಗ ಅಕ್ಷರ ಹಿಂದ ಜಗ್ಗಬಾರದು," ಎನ್ನುತ್ತಿದ್ದ ಅಪ್ಪ.

ಒಮ್ಮೆ ಬಾರಾಮತಿಯ ಮಾಲೀಕನೊಬ್ಬ ಎಡಬದಿ ತಪ್ಪಾಗಿದೆ ಎಂದು ಎಲ್ಲರೆದುರು ಮರಾಠಿಯಲ್ಲಿ ಬೈದು, ಅಳಿಸಿ ಬರೆಸಿದ. ಅಂದು ಅಪ್ಪ ಮನೆಗೆ ಬಂದು, "ಇನ್ನ ಎರಡೂ ಕಡೆ ಒಂದ ನಮೂನಿ ಬರೀತೀನಿ. ಸಾಕಾತು," ಎಂದ. ಅವ್ವ ಅವನ ತಟ್ಟೆಗೆ ಇನ್ನೊಂದು ಭಕ್ರಿ ಹಾಕಿದಳು.

ವ್ಯಾನಿನ ಎಡಬದಿಗೆ ಹೋಗಿ ನೋಡಿದೆ. ಅಲ್ಲೂ ಸ್ಟಿಕ್ಕರಿನ ಅಕ್ಷರಗಳು ಬಲಕ್ಕೇ ವಾಲಿದ್ದವು. ಡ್ರೈವರ್ ಗಾಡಿ ಚಾಲೂ ಮಾಡಿದ. ಅವು ಹಿಂದಕ್ಕೆ ಜಗ್ಗುತ್ತಲೇ ಮುಂದೆ ಹೋದವು. ನನ್ನ ಕತ್ತು ತಾನಾಗಿಯೇ ಎಡಕ್ಕೆ ವಾಲಿತ್ತು.