ಟಿಲ್ಲಿಯ ಪಥ್ಯಕ್ಕೆ ಕಾವಲು ಕೂತ ಕ್ಲೆಮ್

ಟ್ರೆಲೋರ್ ಕೊಲ್ಲಿಯ ಬೌಲ್ಸ್ ಕ್ಲಬ್ಬಿನ ಹುಲ್ಲಂಗಳದ ಮೇಲೆ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಕಾಲಿಟ್ಟವರನ್ನು ಕ್ಲೆಮ್ ಪಾಸ್ಕೋ ಈ ಜನ್ಮದಲ್ಲಿ ಕ್ಷಮಿಸುವವನಲ್ಲ. ಒಮ್ಮೆ ಹೊಸ ಮದುಮಗಳೊಬ್ಬಳು ಫೋಟೋ ತೆಗೆಸಿಕೊಳ್ಳಲೆಂದು ಹಾಗೇ ಇಳಿದಾಗ ಅವನು ನೀರಿನ ನಲ್ಲಿ ತಿರುಗಿಸಿಬಿಟ್ಟಿದ್ದ. ಅವಳಿಗೀಗ ಮೂರು ಮಕ್ಕಳು. ಕ್ಲೆಮ್ ಎದುರಾದರೆ ಈಗಲೂ ರಸ್ತೆಯ ಆಚೆ ಬದಿಗೆ ದಾಟುತ್ತಾಳೆ.

ಮೂವತ್ತಾರನೆಯ ವಯಸ್ಸಿನವರೆಗೆ ಬಾರ್ಲಿ ಗೋದಾಮಿನಲ್ಲಿ ಧೂಳು ಕುಡಿದು, ಆಮೇಲೆ ಮೂವತ್ತೊಂದು ವರ್ಷ ಇದೇ ಅಂಗಳ ಕಾದವನು ಕ್ಲೆಮ್. ಮದುವೆಯ ಗೋಜಿಗೆ ಹೋಗಲಿಲ್ಲ. ಅರವತ್ತೆರಡು ಮಂದಿ ಮುದುಕ ಮುದುಕಿಯರು ಬಿಳಿ ಬಟ್ಟೆ ತೊಟ್ಟು ಕರಿಯ ಚೆಂಡು ಉರುಳಿಸಲು ಅನುಕೂಲವಾಗಲೆಂದು ಹುಲ್ಲನ್ನು ಚಾಪೆಯ ಹಾಗೆ ಕತ್ತರಿಸುವುದೇ ಅವನ ಸಂಸಾರ. ಮಾತು ಕಡಿಮೆ. ಮೂವತ್ತೊಂದು ವರ್ಷದಲ್ಲಿ ಕಮಿಟಿಯ ಸಭೆಯಲ್ಲಿ ಅವನು ಬಾಯಿ ಬಿಟ್ಟದ್ದನ್ನು ಕಂಡವರಿಲ್ಲ.

ಟಿಲ್ಲಿ ಕ್ಲಬ್ಬಿನ ಬೆಕ್ಕು. ಆರು ವರ್ಷದ ಹಿಂದೆ ಆಟದ ಚಾಪೆಗಳ ಪೆಟ್ಟಿಗೆಯಲ್ಲಿ ಮಲಗಿದ್ದ ಮರಿ, ಎದ್ದು ಹೋಗಲಿಲ್ಲ, ಉಳಿದುಬಿಟ್ಟಿತು. ಕಪ್ಪು, ಕೇಸರಿ, ಬಿಳಿ ಮೂರೂ ಕಲಸಿದ ಮೈ. ಕಾಗದದ ಮೇಲೆ ಅದು ಎಲ್ಲರ ಬೆಕ್ಕು. ಕ್ಲೆಮ್ ಹಿಂದೆ ಹಿಂದೆಯೇ ಅದು ತಿರುಗುವುದನ್ನು ಯಾರಾದರೂ ಎತ್ತಿ ಆಡಿದರೆ, "ನನಗೂ ಅದಕ್ಕೂ ಏನೂ ಇಲ್ಲ ಮಾರಾಯ, ಇಲಿ ಹಿಡಿಯುತ್ತೆ ಅಂತ ಇಟ್ಕೊಂಡಿದ್ದೀವಿ" ಎನ್ನುತ್ತಿದ್ದ. ಆ ಬೆಕ್ಕು ಹುಟ್ಟಿ ಇಲ್ಲಿಯವರೆಗೆ ಒಂದು ಇಲಿಯನ್ನೂ ಹಿಡಿದಿಲ್ಲ.

ಈ ವರ್ಷ ಫೆಬ್ರವರಿಯ ಸೆಕೆಯಲ್ಲಿ ಟಿಲ್ಲಿಯ ಹೊಟ್ಟೆ ಬೋಳಾಯಿತು. ಬೇಯಿಸಿದ ಸೀಗಡಿಯ ಬಣ್ಣ. ಆಮೇಲೆ ತೊಡೆಯ ಒಳಗೆ, ಆಮೇಲೆ ಮುಂಗಾಲಿನ ಉದ್ದಕ್ಕೆ ಒಂದು ಪಟ್ಟೆ. ಮೊದಲು ಕಂಡವಳು ಅಡುಗೆಮನೆಯ ಯಜಮಾನಿ ಯೂನಿಸ್ ಪೆನ್‌ಹಾಲ್. ಎಪ್ಪತ್ತು ದಾಟಿದ ಹೆಂಗಸು. ಅವಳು ಸುಡುವ ಸ್ಕೋನು ಬನ್ನು ತಿನ್ನಲೆಂದೇ ಆಟಕ್ಕೆ ಬರುವವರಿದ್ದಾರೆ.

"ಹುಳುಕಡ್ಡಿ ಕಣಯ್ಯ ಅದು. ನಾಳೆ ಎಲ್ಲರ ಮೈಗೂ ಹತ್ತುತ್ತೆ. ಅಡುಗೆಮನೆ ಕಡೆ ಆ ಬೆಕ್ಕು ಸುಳಿಯಕೂಡದು," ಎಂದು ಅವಳು ಕಮಿಟಿಯ ಮುಂದೆ ದೂರು ಇಟ್ಟಳು.

ಅಧ್ಯಕ್ಷ ರೆಕ್ಸ್ ಟ್ರೆಜೈಸ್ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಅಂದರೆ ಯಾವ ಕೆಲಸಕ್ಕೂ ಬಾರದ ಅಧ್ಯಕ್ಷ. ಈಸ್ಟರ್ ಪಂದ್ಯಕ್ಕೆ ಎಂಟು ಊರಿನ ತಂಡಗಳು ಬರುತ್ತವೆ. ಅಷ್ಟರೊಳಗೆ ಬೆಕ್ಕಿನ ಮೈ ಸರಿಯಾಗಬೇಕು, ಇಲ್ಲವಾದರೆ ಅರವತ್ತು ಕಿಲೋಮೀಟರ್ ಆಚೆಯ ಗೋಧಿ ಹೊಲದ ಮನೆಗೆ ಕಳಿಸುವುದು ಎಂದು ತೀರ್ಮಾನವಾಯಿತು. ಕ್ಲೆಮ್ ಹಿಂದಿನ ಸಾಲಿನಲ್ಲಿ ಟೋಪಿ ಮಡಚಿ ಮಡಚಿ ಹಿಂಡುತ್ತಿದ್ದ.

ಮಾರನೆಯ ದಿನವೇ ಬಟ್ಟೆಯ ಬುಟ್ಟಿಯಲ್ಲಿ ಟಿಲ್ಲಿಯನ್ನು ಮುಚ್ಚಿಕೊಂಡು ಪ್ರಾಣಿವೈದ್ಯೆ ಕರ್ಸ್ಟಿಯ ಮುಂದೆ ಇಟ್ಟ. ಅವನ ಶೆಡ್ಡಿನ ತುಂಬ ಹುಲ್ಲಿನ ಬೂಷ್ಟಿಗೆ ಹೊಡೆಯುವ ಔಷಧವಿತ್ತು. ಹುಳುಕಡ್ಡಿಯೂ ಒಂದು ಬೂಷ್ಟೇ, ಆದರೂ ಅದರ ಒಂದು ಹನಿಯನ್ನೂ ಬೆಕ್ಕಿಗೆ ಸೋಕಿಸಿರಲಿಲ್ಲ. ಅಷ್ಟು ಬುದ್ಧಿ ದೇವರು ಕೊಟ್ಟಿದ್ದ.

ಕರ್ಸ್ಟಿ ಬೋಳು ಜಾಗದ ಮೇಲೆ ಹಿಮ್ಮುಖವಾಗಿ ಬೆರಳಾಡಿಸಿದಳು. "ಮುಟ್ಟಿ ನೋಡಿ ಕ್ಲೆಮ್. ಚುಚ್ಚುತ್ತಾ? ಇದು ಉದುರಿದ ಕೂದಲಲ್ಲ. ನೆಕ್ಕಿ ನೆಕ್ಕಿ ಮುರಿದಿರೋದು."

"ಅವಳು ಅಷ್ಟೆಲ್ಲ ನೆಕ್ಕೋದನ್ನ ನಾನು ನೋಡೇ ಇಲ್ವಲ್ಲ."

"ನೀವು ನೋಡ್ತಿರುವಾಗ ನೆಕ್ಕಬೇಕು ಅಂತ ಅವಳಿಗೇನು ಹರಕೆಯೇ? ಮರೆಯಲ್ಲಿ ನೆಕ್ಕೋ ಬೆಕ್ಕೇ ಜಾಸ್ತಿ."

ಆಮೇಲೆ ಸಣ್ಣ ಹಲ್ಲಿನ ಬಾಚಣಿಗೆ ಎಳೆದು, ಬಂದ ಕಸವನ್ನು ಒದ್ದೆ ಕಾಗದಕ್ಕೆ ಒತ್ತಿದಳು. ಕರಿ ಕಾಳು ಕೆಂಪಗೆ ಒಸರಿದರೆ ಚಿಗಟದ ಹಿಕ್ಕೆ. ಒಸರಲಿಲ್ಲ. "ಆದರೂ ತಿಂಗಳಿಗೊಮ್ಮೆ ಕುತ್ತಿಗೆಗೆ ಈ ಹನಿ ಹಾಕಿ. ಚಿಗಟ ಸಿಕ್ಕಿದ್ರೆ ಇವಳೇ ನೆಕ್ಕಿ ನುಂಗಿರ್ತಾಳೆ, ನಮ್ಮ ಕಣ್ಣಿಗೆ ಬೀಳಲ್ಲ. ನಾಯಿಗೆ ಹಾಕೋ ಹನಿ ಮಾತ್ರ ಹಾಕ್ಬಿಡಬೇಡಿ, ವಿಷ." ಮೂತ್ರ ನೋಡಿದಳು, ಏಕೆಂದರೆ ಮೂತ್ರಕೋಶ ನೋಯುವ ಬೆಕ್ಕೂ ಹೊಟ್ಟೆ ನೆಕ್ಕುತ್ತದಂತೆ. ಅದೂ ಚೆನ್ನಾಗಿತ್ತು. ನಾಲ್ಕು ಕೂದಲನ್ನು ಕಿತ್ತು ಅಡಿಲೇಡಿನ ಪ್ರಯೋಗಾಲಯಕ್ಕೆ ಕಳಿಸಿದಳು. ಹುಳುಕಡ್ಡಿ ಅಲ್ಲವೆಂದು ಹದಿನೈದು ದಿನಕ್ಕೆ ಉತ್ತರ ಬಂತು. ಹೊಸ ಬೆಕ್ಕು ಬಂದಿದೆಯೇ, ಮನೆ ಬದಲಾಗಿದೆಯೇ, ಏನಾದರೂ ಹೆದರಿಸಿದೆಯೇ ಎಂದೆಲ್ಲ ಕೇಳಿದಳು. ಟ್ರೆಲೋರ್ ಕೊಲ್ಲಿಯಲ್ಲಿ ಕೊನೆಯ ಸಲ ಏನಾದರೂ ಬದಲಾದದ್ದು ಯಾವಾಗ ಎಂದು ಕ್ಲೆಮ್‌ಗೆ ನೆನಪಾಗಲಿಲ್ಲ.

"ಹಾಗಾದ್ರೆ ತಿನ್ನೋದರಲ್ಲಿ ಏನೋ ಒಗ್ಗುತ್ತಾ ಇಲ್ಲ. ಎಂಟು ವಾರ ಪಥ್ಯ. ಈ ಕಾಂಗರೂ ಮಾಂಸದ ಡಬ್ಬಿ, ನೀರು. ಅಷ್ಟೇ."

"ಇಷ್ಟು ವರ್ಷ ತಿಂದಿದ್ದು ಈಗ ಒಗ್ಗಲ್ಲ ಅಂದ್ರೆ?"

"ವರ್ಷಗಟ್ಟಲೆ ತಿಂದದ್ದೇ ಒಂದು ದಿನ ತಿರುಗಿ ಬೀಳುತ್ತೆ. ಬೇರೆ ಒಂದು ಚೂರು ಬಾಯಿಗೆ ಬಿದ್ರೂ ಮತ್ತೆ ಮೊದಲನೇ ದಿನದಿಂದ ಎಣಿಸ್ಬೇಕು. ಹೊರಗೆ ಬಿಡಬೇಡಿ. ನೆಕ್ಕಿದಾಗ ಗದರಬೇಡಿ, ಗದರಿದ್ರೆ ಇನ್ನೂ ನೆಕ್ಕುತ್ತೆ. ಹತ್ತಿ ಕೂರೋಕೆ ಎತ್ತರದಲ್ಲೊಂದು ಪೆಟ್ಟಿಗೆ ಕಟ್ಟಿ, ದಿನಾ ಹತ್ತು ನಿಮಿಷ ದಾರ ಎಳೆದು ಆಡ್ಸಿ."

ಹೀಗೆ ಟಿಲ್ಲಿ ಕ್ಲಬ್ಬಿನ ಜಾಲರಿ ಹಾಕಿದ ಜಗಲಿಯ ರಾಣಿಯಾದಳು. ಮದುಮಗಳ ಮೇಲೆ ನೀರು ಬಿಟ್ಟ ಮನುಷ್ಯ ದಾರದ ತುದಿಗೆ ಬಾಟಲಿ ಬಿರಡೆ ಕಟ್ಟಿ ಜಗಲಿಯ ಉದ್ದಕ್ಕೂ ಓಡುತ್ತಿದ್ದುದನ್ನು ಊರೇ ಬಂದು ನೋಡಿತು.

ಬುಧವಾರದ ಆಟದ ದಿನ ಕ್ಲೆಮ್ ಮೆಟ್ಟಿಲ ಮೇಲೆ ನಿಂತು, "ಬೆಕ್ಕಿಗೆ ಯಾರೋ ತಿನ್ನಿಸ್ತಿದ್ದೀರಿ. ಇವತ್ತಿಗೆ ನಿಲ್ಲಿಸಿ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಒಬ್ಬರಲ್ಲ, ಅರವತ್ತು ಮಂದಿ ಒಟ್ಟಿಗೆ ಮುಟ್ಟಿ ನೋಡಿಕೊಂಡರು. ಒಬ್ಬಳು ಸ್ಯಾಂಡ್‌ವಿಚ್ಚಿನ ಹ್ಯಾಮು ಕೊಡುತ್ತಿದ್ದಳು, ಒಬ್ಬ ಕೋಳಿಯ ತೊಗಲು. ರೆಕ್ಸ್ ತನ್ನ ಪೇಸ್ಟಿ ಎಂಬ ಮಾಂಸದ ಕಡುಬಿನ ಹೂರಣ ಕೊಡುತ್ತಿದ್ದ. "ಪಾಪ, ಅದಕ್ಕೆ ಯಾರೂ ಏನೂ ಹಾಕಲ್ಲ ಅಂದ್ಕೊಂಡಿದ್ದೆ ಕಣಯ್ಯ," ಎಂದ. ಎಲ್ಲರೂ ಅಂದುಕೊಂಡದ್ದು ಅದನ್ನೇ.

ಅಂದಿನಿಂದ ಕ್ಲೆಮ್ ಕೈ ತೊಳೆದುಕೊಂಡು ಅವರ ಬೆನ್ನಿಗೆ ಬಿದ್ದ. ಬಾಗಿಲಲ್ಲಿ ನಿಂತು ಜೇಬು ತಡಕಿದ. ಅಧ್ಯಕ್ಷರ ಚೆಂಡಿನ ಚೀಲದಲ್ಲಿ ಸಾಸೇಜು ಸಿಕ್ಕಿತು. ತೊಂಬತ್ತು ವರ್ಷದ ಅಜ್ಜಿಯ ಕೈಚೀಲವನ್ನೂ ಬಿಡಲಿಲ್ಲ. ನಾಲ್ಕನೆಯ ವಾರದ ಹೊತ್ತಿಗೆ ಬೆಕ್ಕಿನ ಕಡೆ ನೋಡಲೂ ಜನ ಹೆದರುತ್ತಿದ್ದರು.

ಆರನೆಯ ವಾರ ಕರ್ಸ್ಟಿ ಬಂದು ನೋಡಿದಳು. ಹೊಟ್ಟೆ ಹಾಗೆಯೇ ಬೋಳು. ಮೊಣಕಾಲಿನ ಹತ್ತಿರ ಹೊಸದೊಂದು. "ಇನ್ನೂ ಯಾರೋ ಕೊಡ್ತಿದ್ದಾರೆ ಕ್ಲೆಮ್."

ಈಸ್ಟರಿಗೆ ಎರಡೇ ವಾರ. ಕ್ಲೆಮ್‌ಗೆ ತಲೆ ಕೆಟ್ಟಿತು. ನೇರ ಅಡುಗೆಮನೆಗೆ ನುಗ್ಗಿ, ಹೆಂಗಸರೆಲ್ಲ ಸ್ಕೋನಿಗೆ ಹಿಟ್ಟು ನಾದುತ್ತಿರುವಾಗಲೇ, "ನೀನೇ ಕಣೇ ಯೂನಿಸ್! ಸ್ಕೋನಿನ ಕೆನೆ ತಿನ್ನಿಸ್ತಿರೋದು ನೀನೇ. ಬೆಕ್ಕು ತೊಲಗ್ಲಿ ಅಂತ ಬೇಕಂತಲೇ ಮಾಡ್ತಿದ್ದೀಯ," ಎಂದು ಕೂಗಿದ.

ಯೂನಿಸ್ ಕೈಯ ಹಿಟ್ಟು ಒರೆಸಿಕೊಂಡಳು. "ನಲವತ್ತು ವರ್ಷ ಈ ಒಲೆ ಕಾದಿದ್ದೀನಿ. ಆ ಬೆಕ್ಕಿಗೆ ಒಂದು ತುಣುಕೂ ಕೊಡದವಳು ಈ ಕ್ಲಬ್ಬಲ್ಲಿ ನಾನೊಬ್ಬಳೇ. ನನ್ನೇ ಕಳ್ಳಿ ಮಾಡಿದೆಯಲ್ಲ." ಕ್ಲೆಮ್ ತಿರುಗಿ ಹೊರಟುಹೋದ. ಗೆದ್ದವನ ಹಾಗೆ ಹೋದ, ಆದರೆ ರಾತ್ರಿಯ ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಹುಲ್ಲು ಕತ್ತರಿಸಿ ಮುಗಿಸಿ, ಎಂದಿನಂತೆ ಜಗಲಿಯ ಬೆಂಚಿನ ಮೇಲೆ ಕೂತ. ಟಿಲ್ಲಿ ಪಕ್ಕದಲ್ಲಿ. ಕೈಯಲ್ಲಿ ತಗಡಿನ ಮಗ್ಗಿನ ತುಂಬ ಟೀ. ಕುಡಿಯುತ್ತ ಮಾತಾಡತೊಡಗಿದ. ಊರಿನ ಎದುರು ಬಾಯಿ ಬಿಡದವನು ಬೆಕ್ಕಿನ ಎದುರು ಬಾಯಿ ಮುಚ್ಚುತ್ತಿರಲಿಲ್ಲ.

"ಅಂಗಳದ ಮೂರನೇ ಪಟ್ಟೆಯಲ್ಲಿ ತೇವ ಜಾಸ್ತಿ ಆಗಿದೆ ಕಣೇ ಟಿಲ್ಲಿ. ನೀರು ಕಮ್ಮಿ ಮಾಡ್ಬೇಕು." ಒಂದು ಗುಟುಕು. "ನಿನ್ನೆ ಯೂನಿಸ್ ಹತ್ರ ಹಾಗೆ ಮಾತಾಡಬಾರದಿತ್ತು. ನನ್ನ ನಾಲಿಗೆಗೆ ಬರೆ ಹಾಕ್ಬೇಕು."

"ಹಾಕ್ಬೇಕು," ಎಂದಿತು ಅಡುಗೆಮನೆಯ ಕಿಟಕಿ.

ಕ್ಲೆಮ್ ಬೆಚ್ಚಿಬಿದ್ದ. ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಯೂನಿಸ್ ನಸುಕಿನಿಂದಲೇ ದೀಪ ಹಾಕದೆ ಒಳಗೆ ಕಾದು ಕೂತಿದ್ದಳು. ಅಷ್ಟರಲ್ಲಿ ಅವನ ಕೈ, ದಿನದ ರೂಢಿಯಂತೆ, ಮಗ್ಗನ್ನು ನೆಲಕ್ಕಿಟ್ಟಾಗಿತ್ತು. ಟಿಲ್ಲಿ ಅದರೊಳಗೆ ಮುಖ ಹಾಕಿ ಲಪಲಪ ಎನ್ನುತ್ತಿದ್ದಳು.

"ಅದೇನಯ್ಯ ಅದರಲ್ಲಿ?"

"ಟೀ."

"ಬರೀ ಟೀನಾ?"

"ಸ್ವಲ್ಪ... ಹಾಲು ಹಾಕಿದ ಟೀ. ಟೀ ಏನು ತಿಂಡಿಯೇ ಯೂನಿಸ್? ತಳದಲ್ಲಿ ಉಳಿದಿದ್ದು..." ತಾನು ಹೇಳಿದ್ದು ಅವನಿಗೇ ಕೇಳಿಸಿತು.

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ. ಇಲ್ಲಿ ಕುಡಿಸೋನೇ ಕಣ್ಣು ಮುಚ್ಕೊಂಡಿದ್ದಾನೆ," ಎಂದಳು ಯೂನಿಸ್.

ಕ್ಲೆಮ್‌ಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಆರು ವರ್ಷ, ದಿನಾ ಬೆಳಿಗ್ಗೆ. ತೊಂಬತ್ತರ ಅಜ್ಜಿಯ ಕೈಚೀಲ ನೆನಪಾಗಿ, ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಕಡಿತ ತಾಳಲಾರದೆ ಮೂಲೆಯಲ್ಲಿ ಹೊಟ್ಟೆ ನೆಕ್ಕಿಕೊಳ್ಳುತ್ತಿದ್ದ ಟಿಲ್ಲಿಗೆ ಅದನ್ನು ಕೊಟ್ಟದ್ದು ತನ್ನ ಕೈ ಎಂಬುದು ಮುಳ್ಳಿನಂತೆ ನಾಟಿತು.

ಆ ಸಂಜೆಯ ಸಭೆಯಲ್ಲಿ, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಕ್ಲೆಮ್ ಎದ್ದು ನಿಂತ.

"ಕಳ್ಳ ಸಿಕ್ಕಿದ. ನಾನೇ. ಬೇಲಿಯೇ ಹೊಲ ಮೇಯ್ತು."

"ಲೋ, ನನ್ನ ಚೀಲಕ್ಕೆ ಕೈ ಹಾಕಿದ್ದೆಯಲ್ಲೋ!" ಎಂದು ರೆಕ್ಸ್ ಕಿರುಚಿದ. ಸಭೆ ಬಿದ್ದು ಬಿದ್ದು ನಕ್ಕಿತು. ತೊಂಬತ್ತರ ಅಜ್ಜಿ ತನ್ನ ಕೈಚೀಲ ಎತ್ತಿ ತೋರಿಸಿದಳು.

"ನಕ್ಕೊಳ್ಳಿ. ಯೂನಿಸ್, ನಿನ್ನ ಕ್ಷಮೆ ಕೇಳ್ತೀನಿ, ಎಲ್ಲರ ಎದುರು. ನನಗೆ ಇನ್ನೊಂದು ಎಂಟು ವಾರ ಬೇಕು. ಅವಳನ್ನ ಕಳಿಸ್ಬೇಡಿ. ಅವಳಿಲ್ಲದೆ ನನಗೆ ಆಗಲ್ಲ." ಇಷ್ಟು ಹೇಳಿ ಕೂತುಬಿಟ್ಟ.

ನಗು ನಿಂತಿತು. ಈಸ್ಟರಿಗೆ ಬರುವ ತಂಡಗಳು ಏನೆಂದುಕೊಂಡಾವು ಎಂದು ರೆಕ್ಸ್ ಗೊಣಗಲು ಹೊರಟಾಗ ಯೂನಿಸ್ ತಡೆದಳು. "ಹುಳುಕಡ್ಡಿ ಅಲ್ಲ ಅಂತ ಅಡಿಲೇಡಿಂದ ಬರೆದು ಕಳಿಸಿದ್ದಾರೆ. ಬಂದೋರು ನನ್ನ ಸ್ಕೋನು ತಿನ್ಕೊಂಡು ಬಾಯಿ ಮುಚ್ಕೊಂಡಿರ್ಲಿ. ಎಂಟು ವಾರ ಕೊಡಿ. ಹಾಲಿಗೆ ಮಾತ್ರ ನಾನೇ ಬೀಗ ಹಾಕ್ತೀನಿ." ಯಾರೂ ಎದುರಾಡಲಿಲ್ಲ.

ಅಂದಿನಿಂದ ಕ್ಲೆಮ್ ಕರಿ ಟೀ ಕುಡಿದ, ಮುಖ ಹಿಂಡಿಕೊಂಡು. ಟಿಲ್ಲಿ ಮೊದಲ ದಿನ ಮಗ್ಗು ಮೂಸಿ, ಅವನ ಮುಖ ನೋಡಿ, ಬಾಲ ಎತ್ತಿಕೊಂಡು ಹೊರಟುಹೋದಳು. ಎರಡನೆಯ ದಿನವೂ ಅಷ್ಟೆ, ಮೂರನೆಯ ದಿನವೂ ಅಷ್ಟೆ. ಅವಳು ಬರುತ್ತಿದ್ದುದು ಹಾಲಿಗಾಗಿಯೇ ಇದ್ದೀತು ಎಂದುಕೊಂಡ ಕ್ಲೆಮ್ ಆ ದಿನ ಹುಲ್ಲನ್ನು ಸೊಟ್ಟಗೆ ಕತ್ತರಿಸಿದ. ಯಾರೂ ಆಡಿಕೊಳ್ಳಲಿಲ್ಲ.

ಜೂನ್ ಬರುವ ಹೊತ್ತಿಗೆ ಟಿಲ್ಲಿಯ ಹೊಟ್ಟೆಯ ಮೇಲೆ ಹತ್ತಿಯಂಥ ತುಪ್ಪಳ ಬಂದಿತ್ತು. ಖಾತ್ರಿಯಾಗಲೆಂದು ಕರ್ಸ್ಟಿ ಒಂದೊಂದೇ ತಿನಿಸನ್ನು ಮತ್ತೆ ಕೊಡಿಸಿ ನೋಡಿದಳು. ಕೋಳಿಯಿಂದ ಏನೂ ಆಗಲಿಲ್ಲ, ಹ್ಯಾಮು, ಮೀನಿನಿಂದಲೂ ಆಗಲಿಲ್ಲ. ಹಾಲು ಕೊಟ್ಟ ಐದನೆಯ ದಿನಕ್ಕೆ ನೆಕ್ಕುವುದು ಶುರುವಾಯಿತು, ನಿಲ್ಲಿಸಿದರೆ ನಿಂತಿತು. ಈರುಳ್ಳಿ ಇರುವ ಪೇಸ್ಟಿ ಬೆಕ್ಕಿಗೆ ಎಂದೂ ಆಗದು, ಉಳಿದದ್ದು ಒಂದು ಚೂರು ಕೊಟ್ಟರೆ ಅಡ್ಡಿಯಿಲ್ಲ ಎಂದಳು. ಅರವತ್ತು ಮಂದಿಯೂ ನಿರಪರಾಧಿಗಳು! ಮುಂದಿನ ಬುಧವಾರ ಜಗಲಿಯ ಮುಂದೆ ಹ್ಯಾಮು, ಕೋಳಿ ಹಿಡಿದವರ ಸಾಲೇ ನಿಂತಿತು. ಯೂನಿಸ್ ಕೂಡ ಬೇಯಿಸಿದ ಮೀನಿನ ಚೂರು ತಂದಿದ್ದಳು. ಕೊಡಲು ಏನೂ ಇಲ್ಲದವನು ಕ್ಲೆಮ್ ಒಬ್ಬನೇ. ಬೆಂಚಿನ ತುದಿಯಲ್ಲಿ ಕರಿ ಟೀ ಹಿಡಿದು ಕೂತಿದ್ದ.

ಟಿಲ್ಲಿ ಎಲ್ಲರ ಕೈ ಮೂಸಿದಳು, ಎಲ್ಲರದ್ದೂ ಒಂದೊಂದು ಚೂರು ತಿಂದಳು, ಬಾಯಿ ಒರೆಸಿಕೊಂಡಳು. ಆಮೇಲೆ ಜಗಲಿಯ ಉದ್ದಕ್ಕೆ ನಡೆದು ಬಂದು, ಕ್ಲೆಮ್‌ನ ತೊಡೆಯೇರಿ, ಎರಡು ಸುತ್ತು ತಿರುಗಿ ಮಲಗಿಬಿಟ್ಟಳು.

"ಇಷ್ಟು ಜನರನ್ನ ಬಿಟ್ಟು ಅಲ್ಲಿಗೇ ಹೋಗಬೇಕೇ? ಅಂಥಾದ್ದೇನಿದೆಯಯ್ಯ ನಿನ್ನ ಹತ್ರ?" ಎಂದಳು ಯೂನಿಸ್.

ಕ್ಲೆಮ್ ಖಾಲಿ ಅಂಗೈ ಬಿಡಿಸಿ ತೋರಿಸಿದ. ಅವನ ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಹೋಗಿತ್ತು.

"ಏನೂ ಇಲ್ಲ ಕಣೇ," ಎಂದ. "ನೋಡು, ಏನೂ ಇಲ್ಲ."