ಟೀಚರಮ್ಮ ಒಪ್ಪಿಕೊಂಡ ತಪ್ಪು

ಮೊನ್ನೆ ಮೊಮ್ಮಗಳಿಗೆ ನೆಗಡಿಯಾಗಿತ್ತು. ಹಬೆ ಹಿಡಿಸೋಣವೆಂದು ಲಕ್ಕಿ ಸೊಪ್ಪು ತರಿಸಿ ಕುದಿಯುವ ನೀರಿಗೆ ಹಾಕಿದೆ. ಅದರ ಘಾಟು ವಾಸನೆ ಅಡುಗೆಮನೆಯಲ್ಲಿ ಹರಡಿದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು ಹಿತ್ತಿಲಿಗೆ ಬಂದುಬಿಟ್ಟೆ. ಈ ವಯಸ್ಸಿನಲ್ಲೂ ಆ ವಾಸನೆಗೆ ನನ್ನ ತಲೆ ತಾನಾಗಿ ತಗ್ಗುತ್ತದೆ...

ಮುಳಬಾಗಿಲಿನಲ್ಲಿ ನಾನು ಓದುತ್ತಿದ್ದಾಗ ಒಬ್ಬ ಟೀಚರಮ್ಮ ಇದ್ದರು. ಮೂವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ವಯಸ್ಸಾದ ತಾಯಿಯ ಜೊತೆ ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದರು. ಪಾಠದ ಮಧ್ಯೆ ಕಿಟಕಿಯಾಚೆ ಹಕ್ಕಿ ಕೂಗಿದರೆ ಪುಸ್ತಕ ಮುಚ್ಚಿ, "ಯಾವ್ದು ಹೇಳಿ ನೋಡೋಣ" ಎನ್ನುತ್ತಿದ್ದರು. ನಮಗೆ ಕಾಗೆ, ಗುಬ್ಬಿ ಬಿಟ್ಟರೆ ಏನೂ ಗೊತ್ತಿರಲಿಲ್ಲ. ಅದಕ್ಕೇ ಇರಬೇಕು, ದೇವರಾಯಸಮುದ್ರದ ಕಡೆ ಸರ್ಕಾರದವರು ಕಾವಲಿಟ್ಟು ಕಾಪಾಡುತ್ತಿದ್ದ ಕಾಡನ್ನು ನಮಗೆ ತೋರಿಸಬೇಕೆಂದು ಹೊರಟರು.

"ಆಡಪಿಲ್ಲಲಕು ಅಡವೆಂದುಕು?" ಹೆಣ್ಣುಮಕ್ಕಳಿಗೆ ಕಾಡು ಯಾತಕ್ಕೆ ಎಂದು ಅಜ್ಜಿ ತೆಲುಗಿನಲ್ಲಿ ಗೊಣಗಿದರು. ಅಪ್ಪ ನಕ್ಕರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಮನೆಯಲ್ಲಿ ದನಿ ಎತ್ತಿದವರೇ ಅಲ್ಲ. "ಹೋಗ್ಬರ್ಲಿ ಬಿಡಮ್ಮ. ಮಾಲೂರಿಗೆ ಕೊಟ್ಟ ಮೇಲೆ ಇವೆಲ್ಲ ಎಲ್ಲಿ ನೋಡ್ತಾಳೆ?" ಎಂದರು. ಮಾಲೂರಿನ ಸಂಬಂಧ ಆಗಲೇ ಗೊತ್ತಾಗಿತ್ತು. ಮುಹೂರ್ತವೊಂದೇ ಬಾಕಿ.

ಎರಡು ಎತ್ತಿನ ಗಾಡಿಗಳಲ್ಲಿ ಹೋದೆವು. ಗಾಡಿ ಇಳಿದರೆ ಕಾಡಿನೊಳಕ್ಕೆ ಸಮತಟ್ಟಾದ ಅಗಲ ದಾರಿ. ಕಾಡು ಕಾಯುವ ಗಾರ್ಡು ಒಣಗಿದ ಹುಲ್ಲು, ಮುಳ್ಳು ಎಲ್ಲ ಸವರಿಸಿ ಇಟ್ಟಿದ್ದ. ಎರಡೂ ಬದಿಗೆ ತಂಗಡಿ ಹೂ ಹಳದಿ ಹಳದಿಯಾಗಿ ಅರಳಿತ್ತು. ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮನೆ, ಇಷ್ಟೇ ನಡೆದು ಗೊತ್ತಿದ್ದ ನಮಗೆ ಆ ದಾರಿಯಲ್ಲಿ ಕಾಲು ನಿಲ್ಲಲಿಲ್ಲ. ಒಂದು ಕಡೆ ಟೀಚರಮ್ಮ ಕೈ ಎತ್ತಿ, "ಷ್! ಯಾರೂ ಮಾತಾಡ್ಬೇಡಿ ಕಣ್ರೇ" ಎಂದರು. ಬಯಲಿನಲ್ಲಿ ಜಿಂಕೆಗಳು ಕತ್ತೆತ್ತಿ ನಮ್ಮನ್ನೇ ನೋಡುತ್ತಿದ್ದವು. ಅಷ್ಟೂ ಹುಡುಗಿಯರು ಉಸಿರು ಬಿಗಿಹಿಡಿದು ನಿಂತಿದ್ದೆವು. ನನ್ನ ಬಾಲ್ಯದ ಕೊನೆಯ ಸಂತೋಷ ಅದೇ ಇರಬೇಕು...

ವಾಪಸು ಬರುವಾಗ ಹೊಟ್ಟೆ ಹಿಂಡಿದಂತಾಯಿತು. ಲಂಗ ನೋಡಿಕೊಂಡರೆ ರಕ್ತ. ನಾನು ಸಾಯುತ್ತಿದ್ದೇನೆ ಎಂದುಕೊಂಡೆ. ಹಿಂದೆ ಉಳಿದು ಒಂದು ಲಕ್ಕಿ ಪೊದೆಯೊಳಗೆ ನುಗ್ಗಿ, ಮುದುರಿ ಕೂತುಬಿಟ್ಟೆ. ಟೀಚರಮ್ಮ ಹುಡುಕಿಕೊಂಡು ಬಂದರು. ಒಂದೇ ನೋಟಕ್ಕೆ ಅವರಿಗೆ ತಿಳಿಯಿತು. ತಿರುಗಿ, ಜೊತೆಗೆ ಬಂದಿದ್ದ ಸ್ಕೂಲಿನ ಆಯಾಗೆ, "ಇವ್ಳಿಗೆ ಹೊಟ್ಟೆನೋವು. ನೀನು ಎಲ್ಲರನ್ನೂ ಕರ್ಕೊಂಡು ಮುಂದೆ ಹೋಗು. ನಾವು ಇನ್ನೊಂದು ಗಾಡೀಲಿ ಬರ್ತೀವಿ" ಎಂದು ಕೂಗಿ ಹೇಳಿದರು.

ನನ್ನನ್ನು ಹತ್ತಿರದಲ್ಲೇ ಇದ್ದ ಗಾರ್ಡಿನ ಗುಡಿಸಲಿಗೆ ಕರೆದೊಯ್ದರು. ಗಾರ್ಡು ಕಾಡಿನೊಳಗಿದ್ದ. ಅವನ ಹೆಂಡತಿ "ಭಯಪಡೊದ್ದಮ್ಮಾ", ಹೆದರಬೇಡ ಎನ್ನುತ್ತ ಬಿಸಿನೀರು ಕೊಟ್ಟಳು, ತನ್ನ ಹಳೆಯ ಸೀರೆ ಹರಿದು ಕೊಟ್ಟಳು, ಉಳಿದದ್ದನ್ನು ನನಗೆ ಸುತ್ತಿದಳು. ಗಾಡಿಯಲ್ಲಿ ಟೀಚರಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇದು ಕಾಯಿಲೆ ಅಲ್ಲ ಕಣೇ. ನನಗೂ ಆಗತ್ತೆ, ನಿಮ್ಮಮ್ಮನಿಗೂ ಆಗತ್ತೆ" ಎಂದು ದಾರಿಯುದ್ದಕ್ಕೂ ನಿಧಾನವಾಗಿ ಬಿಡಿಸಿ ಹೇಳಿದರು.

ಮನೆಯಲ್ಲಿ ಯಾರೂ ನನ್ನನ್ನು ಮುಟ್ಟಲಿಲ್ಲ. ಮದುವೆಗೆ ಮುಂಚೆ ಹುಡುಗಿ ದೊಡ್ಡವಳಾದಳೆಂದು ತಿಳಿದರೆ ಗೊತ್ತಾದ ಸಂಬಂಧವೂ ಮುರಿದುಬೀಳುತ್ತಿದ್ದ ಕಾಲ ಅದು. ಅಜ್ಜಿ ನನ್ನನ್ನು ದೂರದಿಂದಲೇ ಉಗ್ರಾಣಕ್ಕೆ ಅಟ್ಟಿ ಬಾಗಿಲು ಮುಚ್ಚಿದರು. ಆದರೆ ಬೇರೆ ಯಾರದೋ ಸೀರೆ ಸುತ್ತಿಕೊಂಡು ನಾನು ಗಾಡಿ ಇಳಿದದ್ದನ್ನು ಬೀದಿಯವರು ನೋಡಿದ್ದರು. ಏನಾಯ್ತು, ಏನಾಯ್ತು ಎಂದು ಕೇಳತೊಡಗಿದರು. ಹುಡುಗಿ ಹಳ್ಳಕ್ಕೆ ಬಿದ್ದು ನೆನೆದಿದ್ದಳು, ಈಗ ಜ್ವರ ಎಂದು ಅಪ್ಪ ಹೇಳಿಬಿಟ್ಟರು.

ಆ ಮಾತು ಊರೆಲ್ಲ ಸುತ್ತಿತು. ಬೇರೆ ಹುಡುಗಿಯರ ಮನೆಯವರು ರೇಗಿದರು. ಮಾರನೆಯ ದಿನ ಸ್ಕೂಲಿನ ಕಮಿಟಿಯ ಇಬ್ಬರು ಹಿರಿಯರು ನಮ್ಮ ಜಗಲಿಗೇ ಬಂದು ಕೂತು, ಟೀಚರಮ್ಮನನ್ನು ಕರೆಸಿದರು. ಬಾಗಿಲ ಈಚೆ ನಾನು, ಆಚೆ ಕಾವಲಿಗೆ ಅಜ್ಜಿ.

"ನನ್ನ ಮಗಳು ಹಳ್ಳಕ್ಕೆ ಬಿದ್ದಾಗ ನೀವೆಲ್ಲಿದ್ರಿ?" ಅಪ್ಪನ ದನಿ.

"ಹಳ್ಳಕ್ಕಾ?" ಎಂದರು ಟೀಚರಮ್ಮ.

"ಹೌದು. ನೆಂದು ಜ್ವರ ಬಂದು ಮಲಗಿದಾಳೆ. ಪ್ರಾಣಕ್ಕೆ ಏನಾದ್ರೂ ಆಗಿದ್ರೆ?"

ಆಕೆ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಬಂದೀತೆಂದು ನಾನು ಕಿವಿ ಮುಚ್ಚಿಕೊಂಡಿದ್ದೆ. ಬರಲಿ ಎಂದೂ ಬೇಡಿಕೊಳ್ಳುತ್ತಿದ್ದೆ...

"ನನ್ನ ತಪ್ಪೇ ಸ್ವಾಮಿ. ನಾನು ನೋಡ್ಕೋಬೇಕಿತ್ತು."

"ನೋಡ್ಕೊಳ್ಳೋಕಾಗ್ದಿದ್ರೆ ಮಕ್ಕಳನ್ನ ಕಾಡಿಗ್ಯಾಕೆ ಕರ್ಕೊಂಡು ಹೋದ್ರಮ್ಮ?" ಎಂದರು ಹಿರಿಯರೊಬ್ಬರು. "ಮಗು ಹೇಗಿದಾಳೆ?" ಎಂದಷ್ಟೇ ಕೇಳಿದರು ಟೀಚರಮ್ಮ.

ಆ ತಿಂಗಳು ಮುಗಿಯುವುದರೊಳಗೆ ಅವರನ್ನು ದೂರದ ಊರಿಗೆ ವರ್ಗ ಮಾಡಿದರು. ತಾಯಿಯನ್ನು ಪಾತ್ರೆಪಡಗಗಳ ನಡುವೆ ಕೂರಿಸಿಕೊಂಡು ಗಾಡಿಯಲ್ಲಿ ಹೋದರಂತೆ. ಹುಡುಗಿಯರು ಊರು ಬಿಟ್ಟು ಎಲ್ಲೂ ಹೋಗಕೂಡದೆಂದು ಸ್ಕೂಲಿನಲ್ಲಿ ಹೇಳಿದರಂತೆ. ನಾನು ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಹಸೆಮಣೆಯ ಮೇಲೆ ಕೂತಾಗ ಮಾಲೂರಿನವರು, "ಹುಡುಗಿಗೆ ಎಷ್ಟು ನಾಚಿಕೆ!" ಎಂದು ಮೆಚ್ಚಿಕೊಂಡರು. ನಾಚಿಕೆಯೇನೋ ನಿಜ. ಅದು ಯಾತರದ್ದು ಎಂದು ಅವರಿಗೆ ಗೊತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದು ದಿನ ನನ್ನ ಮಗಳು ದೊಡ್ಡವಳಾದಳು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಅಕ್ಕಪಕ್ಕದ ಹೆಂಗಸರನ್ನು ಕರೆದು ಆರತಿ ಮಾಡಿ, ಎಲ್ಲರಿಗೂ ಎಳ್ಳು ಬೆಲ್ಲದ ಚಿಗಳಿ ಹಂಚಿದೆವು. ಅಪ್ಪ ಮುಳಬಾಗಿಲಿನಿಂದ ಮೊಮ್ಮಗಳಿಗೆ ಬಳೆ ತಂದಿದ್ದರು. ಹಾಡು ಶುರುವಾದಾಗ ಎದ್ದು ಹೊರಗೆ ಹೋದರು. ನಾನು ಕಾಫಿ ಕೊಡಲು ಹೋದರೆ ಲೋಟ ಕೈಗೆ ತೆಗೆದುಕೊಳ್ಳಲೇ ಇಲ್ಲ.

"ಆ ಟೀಚರಮ್ಮ ಯಾವ ಊರಿಗೆ ಹೋದ್ರು, ನಿನಗೇನಾದ್ರೂ ಗೊತ್ತೇನಮ್ಮ?"

"ಇಲ್ಲಪ್ಪ."

"ಸುಳ್ಳು ಹೇಳಿದ್ದು ನಾನು. ತಲೆ ತಗ್ಗಿಸಿ ನಿಂತೋರು ಅವರು. ಎಲ್ಲಿದಾರೆ ಅಂತ ವಿಚಾರಿಸಿ, ಹೋಗಿ ಕೈ ಮುಗಿದು ಬರ್ಬೇಕು ಕಣಮ್ಮ."

"ಹೋಗ್ಬನ್ನಿ ಅಪ್ಪ" ಎಂದೆ. ನಾನೂ ಬರುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಆಕೆಗೆ ಯಾವ ಮುಖ ತೋರಿಸಲಿ?

ಅವರು ವಿಚಾರಿಸಿದರೋ ಇಲ್ಲವೋ ತಿಳಿಯದು. ಮುಂದಿನ ವರ್ಷ ತೀರಿಕೊಂಡರು. ಆಮೇಲೆ ನಾನು ಮುಳಬಾಗಿಲಿಗೆ ಹೋದಾಗಲೆಲ್ಲ ಅವರಿವರನ್ನು ಕೇಳಿದೆ. ಹಿಂದಿನ ಬೀದಿಯ ಆ ಮನೆಯನ್ನು ಕೆಡವಿ ಬೇರೆ ಕಟ್ಟಿದ್ದಾರೆ. ಹಾಗೊಬ್ಬರು ಅಲ್ಲಿದ್ದರೆಂಬುದೇ ಈಗಿನವರಿಗೆ ಗೊತ್ತಿಲ್ಲ. ಯಾರೋ ಒಬ್ಬ ಮುದುಕಿ ಮಾತ್ರ ಬಹಳ ಹೊತ್ತು ಯೋಚಿಸಿ, "ಓ, ಆಯಮ್ಮನಾ? ಹುಡುಗೀನ ಹಳ್ಳಕ್ಕೆ ಬೀಳಿಸಿದೋಳು?" ಎಂದಳು.

ಅಲ್ಲ ಎಂದೆ. ಮೊದಲ ಸಲ, ಬೀದಿಯಲ್ಲಿ ನಿಂತು, ನಡೆದದ್ದನ್ನೆಲ್ಲ ಹೇಳಿದೆ. ಮುದುಕಿಗೆ ಕಿವಿ ಅಷ್ಟಾಗಿ ಕೇಳಿಸುತ್ತಿರಲಿಲ್ಲ.